ನೋಡಿ ಅಂತ ಬರೆದ ಮೂರು ಸಾಲು

ಆಗಸ್ಟ್ 28, 2024. ಬುಧವಾರ. ಬೆಳಿಗ್ಗೆ 10

ಬಂದೆ. ಲಿಸ್ಟ್ ಹೋಗಿದೆ, ಹದಿನೇಳು ಹೆಸರು. ನರ್ಸ್ ಶಿವರುದ್ರಮ್ಮ ಸಿಸ್ಟರ್ ಆಗಲೇ ಜೀಪ್ ಹತ್ತಿ ಹೊರಟ್ರಂತೆ. ಟೀ ಆರಿತ್ತು, ಕುಡಿದೆ.

ಸರ್ವರ್ ಕಂಪನಿಯವರ ಮೂರನೇ ಮೇಲ್. ಪಿಎಚ್‌ಪಿ ಅನ್ನೋ ನಮ್ಮ ಪ್ರೋಗ್ರಾಮಿನ ಭಾಷೆಯ 7.4 ವರ್ಷನ್ ಸೆಪ್ಟೆಂಬರ್ ಒಂದರಿಂದ ಬಂದ್. 8.2ಕ್ಕೆ ಬನ್ನಿ. ಬರದಿದ್ರೆ ನಾವೇ ಎಳ್ಕೊಂಡು ಹೋಗ್ತೀವಿ — ಹಿಂಗೇ ಬರೆದಿಲ್ಲ, ಅರ್ಥ ಇದೇ. ಮೊದಲ ಎರಡು ಮೇಲ್ ಓದಿ, ಓದಿಲ್ಲ ಅಂತ ಮಾರ್ಕ್ ಮಾಡಿ ಇಟ್ಟಿದ್ದೆ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ಹಂಗೆ.

ಬಸವೇಶ್ ಸರ್‌ಗೆ ಹೇಳಿದೆ. ಟ್ರಸ್ಟಿನ ಕೋಆರ್ಡಿನೇಟರ್. ಅವರಿಗೆ ಕಂಪ್ಯೂಟರ್ ಅಂದ್ರೆ ಪ್ರಿಂಟರ್. "ನಿಂದೇ ಪ್ರೋಗ್ರಾಮ್ ಅಲ್ವೇನಮ್ಮ ಅನುಷಾ, ನೀನೇ ನೋಡ್ಕೋ. ಒಂದಿನಾನೂ ನಿಲ್ಲಬಾರ್ದು ಅಷ್ಟೆ."

ನಿಲ್ಲಬಾರ್ದು.

ಕೋಡ್ ತೆಗೆದೆ. ಏಳು ವರ್ಷದ ಹಿಂದೆ ಬರೆದದ್ದು, ಏನು ಬರೆದಿದ್ದೆ ಅಂತ ನನಗೇ ಜ್ಞಾಪಕ ಮಾಡ್ಕೋಬೇಕಾಯ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ — ನಾಲ್ಕು ತಾಲ್ಲೂಕಿನ ಆಶಾ ಅಕ್ಕಂದಿರು ಸಂಜೆ ಮೊಬೈಲಲ್ಲಿ ಬಸುರಿಯರ ಫಾರಂ ತುಂಬ್ತಾರೆ. ಹೆಸರು, ಊರು, ಎಷ್ಟನೇ ತಿಂಗಳು, ಬಿಪಿ, ಎಚ್‌ಬಿ. ಮೈಯಲ್ಲಿ ರಕ್ತ ಎಷ್ಟಿದೆ ಅನ್ನೋದು ಎಚ್‌ಬಿ. ಬೆಳಿಗ್ಗೆ ಆರಕ್ಕೆ ಪ್ರೋಗ್ರಾಮ್ ಎದ್ದು, ಎಚ್‌ಬಿ ಏಳಕ್ಕಿಂತ ಕಮ್ಮಿ ಇರೋರನ್ನ ಆರಿಸಿ ಸಿಸ್ಟರ್ ಫೋನಿಗೆ ಕಳಿಸುತ್ತೆ, ರಕ್ತ ಏರೋವರೆಗೂ ಆ ಹೆಸರು ದಿನಾ ಲಿಸ್ಟಲ್ಲಿ ಇರುತ್ತೆ. ಸಿಸ್ಟರ್ ಅವರ ಬಾಗಿಲಿಗೆ ಹೋಗ್ತಾರೆ. ಇಷ್ಟೇ. ಇಷ್ಟಕ್ಕೆ ನಾನೂರು ಸಾಲು ಬರೆದಿದೀನಿ ಮಹಾತಾಯಿ.

ಈ ಕೋಡನ್ನ ಮುಟ್ಟಕ್ಕೆ ಭಯ. ನಡೀತಿರೋ ಬಂಡಿಯ ಕೀಲು ಬಿಚ್ಚೋ ಕೆಲಸ.

ಆಗಸ್ಟ್ 30. ಶುಕ್ರವಾರ. ಮಧ್ಯಾಹ್ನ 3

ಹೊಸ ವರ್ಷನ್ನಲ್ಲಿ ಏನೇನು ಬದಲು ಅನ್ನೋ ಪಟ್ಟಿ ಪ್ರಿಂಟ್ ತೆಗೆದೆ. ಹನ್ನೊಂದು ಹಾಳೆ. ನಮ್ಮ ಕೋಡಲ್ಲಿ ಇದ್ರೆ ಇಂಟು, ಇಲ್ದಿದ್ರೆ ಟಿಕ್.

ಹಳೇ ಫಂಕ್ಷನ್ ಕೆಲವು ಕಿತ್ತಾಕಿದಾರೆ — ಇಂಟು. ಇಲ್ಲದ ವೇರಿಯಬಲ್ ಕೇಳಿದ್ರೆ ಮುಂಚೆ ಗೊಣಗಿ ಸುಮ್ಮನಾಗ್ತಿತ್ತು, ಈಗ ಜೋರಾಗಿ ಕಿರುಚುತ್ತೆ — ಇಂಟು, ಇಂಟು, ಇಂಟು. ನಂಬರಿನ ಜೊತೆ ಅಕ್ಷರ ಹೋಲಿಸೋ ರೀತಿ ಬದಲಾಗಿದೆ. ಮುಂಚೆ ಅಕ್ಷರ ಬಂದ್ರೆ ಅದನ್ನ ಸೊನ್ನೆ ಅಂತ ಎಣಿಸ್ತಿತ್ತು, ಇನ್ಮೇಲೆ ಎಣಿಸಲ್ವಂತೆ. ಸರಿಯಾಗೇ ಮಾಡಿದಾರೆ. ಅಕ್ಷರ ಎಲ್ಲಾದ್ರೂ ಸೊನ್ನೆ ಆಗುತ್ತಾ? ನಮ್ಮ ಎಚ್‌ಬಿ ಕಾಲಂನಲ್ಲಿ ಇರೋದೆಲ್ಲ ನಂಬರು. ಟಿಕ್.

ಬೇರೆ ಕಡೆ ಟ್ರಯಲ್ ಹಾಕಿದೆ. ನಲವತ್ತಮೂರು ಎರರ್. ಒಂದೊಂದೇ ಸರಿ ಮಾಡ್ತಾ ಬಂದೆ, ಹನ್ನೆರಡು ಉಳಿದಿವೆ.

ಸೆಪ್ಟೆಂಬರ್ 1. ಭಾನುವಾರ. ಬೆಳಿಗ್ಗೆ 11

ಎರಡು ದಿನ ಸರಿಯಾಗಿ ಊಟ ಸೇರಿಲ್ಲ. ಅಮ್ಮ ನಿನ್ನೆ ಮುದ್ದೆ ತಟ್ಟೆ ಎತ್ತುವಾಗ, "ಯಾರ್‌ದಾದ್ರೂ ಹೆಣ ಬಿದ್ದೈತೇನೇ ಆಫೀಸಲ್ಲಿ?" ಅಂದ್ಲು. ಥೂ, ಅವಳ ಬಾಯಿ.

ಉಳಿದ ಹನ್ನೆರಡು ಎರರೂ ನಿನ್ನೆ ರಾತ್ರಿ ಮುಗೀತು. ಇವತ್ತು ಬೆಳಿಗ್ಗೆ ಆರಕ್ಕೇ ಆಫೀಸು. ದಂಡಿನ ಮಾರಮ್ಮಂಗೆ ಅಲ್ಲಿಂದಲೇ ಕೈಮುಗಿದೆ, 8.2ಕ್ಕೆ ಬದಲಾಯಿಸಿದೆ. ಸ್ಕ್ರೀನ್ ಬಿಳಿ ಆಗುತ್ತೆ ಅನ್ಕೊಂಡಿದ್ದೆ. ಆಗ್ಲಿಲ್ಲ. ಒಂದು ಎರರೂ ಇಲ್ಲ. ನಾನೇ ಹತ್ತು ಸುಳ್ಳು ಹೆಸರು ಹಾಕಿ, 6.1, 9.8, 5.4 ಅಂತ ಕೊಟ್ಟು ನೋಡಿದೆ. ಏಳಕ್ಕಿಂತ ಕಮ್ಮಿಯವರು ಮಾತ್ರ ಬಂದ್ರು. ಲೆಕ್ಕ ಸರಿ.

ಖುಷಿ ಆಗ್ಬೇಕಿತ್ತು. ಇಷ್ಟು ಸುಲಭಕ್ಕೆ ಮುಗೀತಲ್ಲ ಅಂತ ಅನುಮಾನ. ಕಿರುಚೋ ಮಗೂನ ಸಮಾಧಾನ ಮಾಡಬಹುದು, ಸುಮ್ನಿರೋ ಮಗೂನ ಹೆಂಗೆ ನಂಬೋದು?

ಸೆಪ್ಟೆಂಬರ್ 4. ಬುಧವಾರ

ಲಿಸ್ಟಲ್ಲಿ ಒಂಬತ್ತೇ ಹೆಸರು. ನಿನ್ನೆ ಎಂಟು. ಹೋದ ವಾರ ದಿನಕ್ಕೆ ಹದಿನಾರು ಹದಿನೇಳು ಇರ್ತಿತ್ತು.

ಪ್ರೋಗ್ರಾಮ್ ಮತ್ತೆ ನೋಡಿದೆ. ಎರರ್ ಇಲ್ಲ. ಗೌರಿ ಹಬ್ಬ ಹತ್ರ ಬಂತು, ಅಕ್ಕಂದಿರು ಫಾರಂ ತುಂಬ್ತಿಲ್ಲ ಅಂತ ಕಾಣುತ್ತೆ. ಬಸವೇಶ್ ಸರ್ ಮಾತ್ರ, "ಕಬ್ಬಿಣದ ಮಾತ್ರೆ ಕೊಟ್ಟಿದ್ದು ಕೆಲಸ ಮಾಡ್ತಿದೆ ಕಣಮ್ಮ" ಅಂತ ಮೀಸೆ ತಿರುವಿದ್ರು.

ಎಷ್ಟು ಫಾರಂ ಬಂದಿದೆ ಅಂತ ಎಣಿಸಿ ನೋಡ್ಬಹುದಿತ್ತು. ಎಣಿಸ್ಲಿಲ್ಲ. ಏನಾದ್ರೂ ಸಿಕ್ಕಿಬಿಟ್ರೆ ಅನ್ನೋ ಭಯ. ಇದನ್ನ ಇಲ್ಲಿ ಬಿಟ್ಟು ಎಲ್ಲೂ ಹೇಳಲ್ಲ.

ಸೆಪ್ಟೆಂಬರ್ 6. ಶುಕ್ರವಾರ. ಗೌರಿ ಹಬ್ಬ

ಲಿಸ್ಟಲ್ಲಿ ಏಳು. ಅಮ್ಮ ಹೋಳಿಗೆ ಮಾಡಿದ್ಲು. ಗೂಡಲ್ಲಿ ಬುದ್ಧ, ಪಕ್ಕದಲ್ಲಿ ಗೌರಿ, ಇಬ್ಬರಿಗೂ ಒಂದೇ ಎಡೆ. ಮೂರು ಹೋಳಿಗೆ ತಿಂದೆ. ಚೆನ್ನಾಗಿತ್ತು.

ಸೆಪ್ಟೆಂಬರ್ 10. ಮಂಗಳವಾರ. ಸಂಜೆ 5

ದಾನ ಕೊಡೋ ಸಂಸ್ಥೆಯವರು 24ಕ್ಕೆ ಬರ್ತಾರಂತೆ, ಅವತ್ತೇ ಆಶಾ ಅಕ್ಕಂದಿರ ಮೀಟಿಂಗೂ. ಬಸವೇಶ್ ಸರ್ ನನ್ನ ಕೈಲೇ ಸ್ಲೈಡ್ ಮಾಡಿಸಿದ್ರು: ತೀವ್ರ ರಕ್ತಹೀನತೆ ಪ್ರಕರಣಗಳಲ್ಲಿ ಶೇಕಡ ನಲವತ್ತೈದು ಇಳಿಕೆ. ಹಸಿರು ಬಣ್ಣದ ಬಾಣ ಕೆಳಮುಖ. ಬಾಣ ಇನ್ನೂ ದಪ್ಪ ಇರ್ಲಿ ಅಂದ್ರು.

ಮೆಟ್ಟಿಲ ಹತ್ರ ಜೀಪ್ ದೇವರಾಜು ಬೀಡಿ ಮರೆ ಮಾಡ್ಕೊಂಡು, "ಏನ್ ಮೇಡಂ, ಪಾವಗಡದ ಕಡೆಯೋರೆಲ್ಲ ಪೈಲ್ವಾನ್ರು ಆಗ್ಬುಟ್ರಾ? ಹತ್ತು ದಿನದಿಂದ ಆ ಕಡೆ ಗಾಡಿ ತಿರುಗ್ಸೇ ಇಲ್ಲ" ಅಂದ.

ನಕ್ಕೆ. ಬಸ್ಸಲ್ಲಿ ಕೂತ ಮೇಲೆ ನಗು ನಿಂತೋಯ್ತು. ಪಾವಗಡದಿಂದ ಒಬ್ಬರೂ ಇಲ್ವಾ? ಹತ್ತು ದಿನ?

ನಾಳೆ ನೋಡ್ತೀನಿ.

ಸೆಪ್ಟೆಂಬರ್ 13. ಶುಕ್ರವಾರ. ಬೆಳಿಗ್ಗೆ 11.20

ಎರಡು ದಿನ ಸ್ಲೈಡು, ಬ್ಯಾನರು, ಊಟದ ಲೆಕ್ಕ. ನೋಡ್ಲಿಲ್ಲ.

ಈಗ ಫೋನ್ ಬಂತು. ಕೊರಟಗೆರೆ ಕಡೆಯ ಆಶಾ, ಪಟಾಲಮ್ಮ. ಹಲೋ ಅನ್ನೋಕೂ ಬಿಡ್ಲಿಲ್ಲ.

"ಏನಮ್ಮೋ ಅನುಷಮ್ಮ, ನಿಮ್ ಜೀಪೇನು ತೇರಾ, ವರ್ಷಕ್ಕೊಂದ್ಸಲ ಎಳೆಯಕ್ಕೆ? ನೋಡಿ ಅಂತ ಹಾಕಿ ಆರು ದಿನ ಆಯ್ತು. ಕೊನೆಗೆ ನಾನೇ ಆಟೋ ಮಾಡ್ಕೊಂಡು ಆ ಹುಡುಗೀನ ಆಸ್ಪತ್ರೆಗೆ ಎತ್ತಾಕ್ಕೊಂಡು ಹೋದೆ."

"ಎಲ್ಲಿ ಹಾಕಿದ್ರಕ್ಕಾ ನೋಡಿ ಅಂತ?"

"ಎಲ್ಲಿ ಅಂದ್ರೆ? ಎಚ್‌ಬಿ ಬಾಕ್ಸಲ್ಲಿ! ಮಾಮೂಲಿ ಎಲ್ಲಾರೂ ಹಾಕೋ ಹಂಗೆ!"

ಮಾಮೂಲಿ? ಎಲ್ಲಾರೂ?

11.45

ಎಚ್‌ಬಿ ಕಾಲಂ ತೆಗೆದೆ. ಏಳು ವರ್ಷದಲ್ಲಿ ಮೊದಲ್ನೇ ಸಲ ಒಂದೊಂದೇ ಸಾಲು ಕಣ್ಣಿಟ್ಟು ಓದಿದೆ.

9.2. 10.4. 8.8. ನೋಡಿ. 11. ನೋಡಿ. 7.6. ನೋಡಮ್ಮ. ಸಿರಾ ಕಡೆಯವರು — ಜಲ್ದಿ. ಪಾವಗಡದವರು — ಚೂಡಂಡಿ, ತೆಲುಗಲ್ಲಿ ಅದೂ ನೋಡಿ ಅಂತಲೇ. ಯಾರೋ ಒಬ್ಬರು — ಭಯ. ಬರೀ ಭಯ ಅಂತ, ಇನ್ನೇನಿಲ್ಲ.

2019ರಿಂದ ಇದೆ. ನೂರಾರು ಇದೆ.

ಆ ಬಾಕ್ಸಲ್ಲಿ ಅಕ್ಷರ ಬರೆಯೋಕೆ ಬಿಟ್ಟವಳು ನಾನೇ. ಮೊದಲು ನಂಬರ್ ಮಾತ್ರ ಇಟ್ಟಿದ್ದೆ. ಹಳೇ ಮೊಬೈಲುಗಳಲ್ಲಿ ಪಾಯಿಂಟ್ ಒತ್ತಕ್ಕಾಗಲ್ಲ ಅಂತ ಅಕ್ಕಂದಿರು ಗಲಾಟೆ ಮಾಡಿದ್ರು, ಹಾಳಾಗೋಗ್ಲಿ ಅಂತ ತೆಗೆದುಬಿಟ್ಟೆ.

12.30

ಸಿಸ್ಟರ್ ಬಂದ್ರು, ಕೇಳಿದೆ. ಅವರಿಗೆ ಗೊತ್ತು! "ಇದೇನ್ ಹಿಂಗ್ ಕೇಳ್ತೀಯ? ಮೊದಲು ಪಾವಗಡದಲ್ಲಿ ಯಾರೋ ಬರೆದ್ರು, ಮಾರನೇ ದಿನ ಜೀಪ್ ಹೋಯ್ತು. ಅವರು ಇನ್ನೊಬ್ಬರಿಗೆ ಹೇಳಿದ್ರು. ರಕ್ತ ಪರೀಕ್ಷೆ ಮಾಡೋ ಸ್ಟ್ರಿಪ್ ಮುಗಿದಿರುತ್ತೆ, ಹುಡುಗಿ ಮುಖ ನೋಡಿದ್ರೆ ಸರಿ ಇರಲ್ಲ. ಫೋನ್ ಮಾಡಿದ್ರೆ ಎಲ್ಲಾರೂ ಎಚ್‌ಬಿ ಎಷ್ಟು, ಎಚ್‌ಬಿ ಎಷ್ಟು ಅಂತಾರೆ. ಕಣ್ಣಿಗೆ ಕಾಣೋದಕ್ಕೆ ಎಲ್ಲಿಂದ ನಂಬರ್ ತರ್ತಾರೆ? ಅದಕ್ಕೆ ನೋಡಿ ಅಂತ ಬರೀತಾರೆ. ಒಳ್ಳೇ ಉಪಾಯ ಮಾಡಿದೀಯ ಅನ್ಕೊಂಡಿದ್ದೆ ಕಣೇ."

ನಾನು ಮಾಡಿದ್ದಲ್ಲ ಸಿಸ್ಟರ್. ನನಗೆ ಗೊತ್ತೇ ಇಲ್ಲ.

ಹಳೇ ಪಿಎಚ್‌ಪಿ ಅಕ್ಷರವನ್ನ ಸೊನ್ನೆ ಅಂತ ಎಣಿಸ್ತಿತ್ತು. ನೋಡಿ ಅಂದ್ರೆ ಸೊನ್ನೆ. ಸೊನ್ನೆ ಏಳಕ್ಕಿಂತ ಕಮ್ಮಿ. ಲಿಸ್ಟಿಗೆ ಬಾ. ಅದರ ತಪ್ಪಿನಿಂದ ಐದು ವರ್ಷ ಹೆಂಗಸರು ಉಳಿದ್ರು. ಹೊಸದು ಆ ತಪ್ಪು ತಿದ್ಕೊಂಡಿದೆ. ಈಗ ನೋಡಿ ಅನ್ನೋದು ಏಳಕ್ಕಿಂತ ಕಮ್ಮಿ ಅಲ್ಲ. ಲಿಸ್ಟಿಗೆ ಬರಲ್ಲ. ಎರರೂ ಇಲ್ಲ, ಸದ್ದೂ ಇಲ್ಲ.

ಈ ಡೈರಿಯ ಹಿಂದಿನ ಪುಟ ತಿರುಗಿಸಿದೆ. ಆಗಸ್ಟ್ 30. ಟಿಕ್.

ಸಂಜೆ 5.30

ಪ್ರೋಗ್ರಾಮ್ ಸರಿ ಮಾಡಿದೆ. ನಂಬರ್ ಅಲ್ಲದ್ದು ಏನೇ ಇದ್ರೂ ಲಿಸ್ಟಿಗೆ ಹಾಕು. ಒಂದೇ ಸಾಲು. ಮೂರು ನಿಮಿಷ ಹಿಡೀತು.

ಒಂದರಿಂದ ಇವತ್ತಿನವರೆಗೆ ಬಿಟ್ಟುಹೋದವರು ಹದಿನಾಲ್ಕು ಜನ. ನಾನೂ ಸಿಸ್ಟರೂ ಮಧ್ಯಾಹ್ನದಿಂದ ಫೋನ್. ಹದಿಮೂರು ಜನ ಸಿಕ್ಕಿದ್ರು. ಕೆಲವರು ಚೆನ್ನಾಗಿದಾರೆ, ಮೂವರನ್ನ ನಾಳೆ ಕರೆಸಬೇಕು, ಒಬ್ಬಳಿಗೆ ಆಗಲೇ ರಕ್ತ ಕೊಟ್ಟಿದಾರೆ. ಪ್ರತಿ ಫೋನು ರಿಂಗ್ ಆಗುವಾಗ್ಲೂ ಕುರ್ಚಿ ಹಿಡ್ಕೊಂಡೇ ಇದ್ದೆ, ಆ ಕಡೆಯಿಂದ ಅಳು ಕೇಳಿಸಿದ್ರೆ ಅಂತ.

ಒಬ್ಬಳು ಸಿಗ್ಲಿಲ್ಲ. ಲೋಹಿತಾ, ಇಪ್ಪತ್ತೆರಡು ವರ್ಷ, ಎಂಟನೇ ತಿಂಗಳು. ಬಲಸಮುದ್ರದ ಹತ್ರದ ಹಳ್ಳಿ. ಆಶಾ ಇಂದ್ರಮ್ಮ ಬರೆದಿರೋದು ಒಂದಲ್ಲ, ಮೂರು ಸಲ.

ಸೆಪ್ಟೆಂಬರ್ 2: ನೋಡಿ.
ಸೆಪ್ಟೆಂಬರ್ 4: ನೋಡಿ.
ಸೆಪ್ಟೆಂಬರ್ 5: ನೋಡಿ ನೋಡಿ. ಷರಾದಲ್ಲಿ — ಹಬ್ಬಕ್ಕೆ ತವರಿಗೆ ಹೋಗುತ್ತಾಳೆ, ಮಡಕಶಿರ ಕಡೆ.

ಲೋಹಿತಾ ಫೋನ್ ಸ್ವಿಚ್ ಆಫ್. ಗಂಡ ಹೊರಗೆ ಲಾರಿ ಕೆಲಸದಲ್ಲಿ. ಇಂದ್ರಮ್ಮ ಈಗ ಎತ್ತಿದ್ರು.

"ಲೋಹಿತಾನಾ? ನೀವು ಹೋಗಿ ಬಂದಿಲ್ವಾ ಮೇಡಮ್ಮಾ? ಅಯ್ಯೋ ದೇವುಡಾ… ಬಳಪ ತಿಂತಿದ್ಲಮ್ಮ, ಸ್ಲೇಟು ಬಳಪ, ಡಬ್ಬಿಗಟ್ಲೆ. ನಾಲಿಗೆ ಹಾಲಿನಂಗೆ ಬೆಳ್ಳಗೆ. ನಾ ಬರೆದ್ನಲ್ಲ! ಮೂರ್ಸಲ ಬರೆದ್ನಲ್ಲ! ನೀವು ನೋಡಿರ್ತೀರಾ, ತವರಿಗೇ ಜೀಪ್ ಹೋಗಿರುತ್ತೆ ಅನ್ಕೊಂಬುಟ್ಟೆ."

ಸರ್ವರ್ ತೊಂದ್ರೆ ಆಗಿತ್ತಕ್ಕಾ, ನಾಳೆ ಬೆಳಿಗ್ಗೆನೇ ಬರ್ತೀವಿ ಅಂದೆ. ಸರ್ವರ್ ತೊಂದ್ರೆ. ಬಾಯಿಗೆ ಎಷ್ಟು ಸಲೀಸಾಗಿ ಬಂತು.

ಆಂಧ್ರದ ಮಡಕಶಿರ ಆಸ್ಪತ್ರೆಗೂ ಫೋನ್ ಮಾಡಿದೆ. ತವರಿನ ಊರಿನ ಹೆಸರು ಹೇಳಿ ಅಂದ್ರು. ಇಂದ್ರಮ್ಮಂಗೆ ಹೆಸರು ಸರಿಯಾಗಿ ಗೊತ್ತಿಲ್ಲ, ದಾರಿ ಗೊತ್ತು. ಒಂದ್ಸಲ ಸೀಮಂತಕ್ಕೆ ಹೋಗಿದ್ರಂತೆ.

ಸೆಪ್ಟೆಂಬರ್ 14. ಶನಿವಾರ. ಬೆಳಿಗ್ಗೆ 9.15. ಜೀಪಲ್ಲಿ

ನಾನೂ ಹೊರಟೆ. ನೀನ್ಯಾಕೆ ಅಂದ್ರು ಸಿಸ್ಟರ್. ಹತ್ತಿ ಕೂತೆ.

ಪಾವಗಡ. ಶನಿವಾರ ಅನ್ನೋದೇ ಮರೆತಿದ್ವಿ. ಶನಿಮಹಾತ್ಮನ ಗುಡಿ ರಸ್ತೆ ತುಂಬ ಜನ, ಬಸ್ಸು, ಎಳ್ಳೆಣ್ಣೆ ಮಾರೋರು. ಇಪ್ಪತ್ತು ನಿಮಿಷದಿಂದ ಗಾಡಿ ನಿಂತಲ್ಲೇ ನಿಂತಿದೆ. ದೇವರಾಜು ಹಾರ್ನ್ ಹೊಡೆದೂ ಹೊಡೆದೂ, "ಸ್ವಾಮಿ, ನಿನ್ ಕಾಟ ನನಗ್ ಕೊಡು, ಆ ಹೆಣ್ಮಗೀಗ್ ಬ್ಯಾಡ" ಅಂತ ಕೈಮುಗೀತಿದಾನೆ. ಅವನು ಯಾಕೆ ಕೇಳ್ಕೋಬೇಕು? ಅದು ನನಗೆ ಬರಬೇಕಾದ್ದು.

ಒಂಬತ್ತು ದಿನ ಆಗಿದೆ, ಆ ಕೊನೇ ನೋಡಿ ಬರೆದು. ಒಂಬತ್ತು ದಿನದಲ್ಲಿ ನಾನು ಹೋಳಿಗೆ ತಿಂದೆ. ಬಾಣ ದಪ್ಪ ಮಾಡಿದೆ.

11.40

ಬಲಸಮುದ್ರದ ಹತ್ರ ಇಂದ್ರಮ್ಮ ರಸ್ತೇಲೇ ನಿಂತಿದ್ರು. ಐವತ್ತರ ಹೆಂಗಸು, ಕೈಲಿ ಬುತ್ತಿ. ಎರಡೂ ಕಡೆ ಕಣ್ಣು ಹಾಯೋವರೆಗೂ ಸೋಲಾರ್ ಗಾಜು, ಬಿಸಿಲು ಅದರಿಂದ ಎದ್ದು ಮುಖಕ್ಕೆ ಹೊಡೀತಿತ್ತು. ಹತ್ತಿದವರೇ ನನ್ನ ಕೈ ಹಿಡ್ಕೊಂಡ್ರು.

"ಅನುಷಮ್ಮ ಅಂದ್ರೆ ನೀವೇನಾ? ಇಷ್ಟು ಚಿಕ್ಕೋರಾ! ದಿನಾ ಬೆಳಿಗ್ಗೆ ಕೂತ್ಕೊಂಡು ನಮ್ದೆಲ್ಲಾ ಓದ್ತೀರಾ ಅಂತ ನಾವು ಮಾತಾಡ್ಕೋತಿದ್ವಿ. ನಂಬರ್ ಗೊತ್ತಾಗದಿದ್ರೆ ಬುಡ್ರೇ, ನೋಡಿ ಅಂತ ಬರೀರಿ, ಅನುಷಮ್ಮ ನೋಡ್ತಾಳೆ ಅಂತ ಹೊಸಬರಿಗೂ ನಾನೇ ಹೇಳ್ಕೊಡೋದು."

ಕೈ ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ. ಇವರು ಯಂತ್ರಕ್ಕೆ ಬರೆದದ್ದಲ್ಲ. ನನಗೆ ಬರೆದದ್ದು. ಐದು ವರ್ಷದಿಂದ ನನಗೆ ಕಾಗದ ಬರೀತಿದಾರೆ, ನಾನು ಒಂದನ್ನೂ ಒಡೆದಿಲ್ಲ.

ಮಧ್ಯಾಹ್ನ 2.10

ಸಿಕ್ಕಿದ್ಲು. ಬದುಕಿದಾಳೆ.

ತವರಮನೆ ಜಗಲೀಲಿ ಗೋಡೆಗೆ ಒರಗಿ ಕೂತಿದ್ಲು. ಎದ್ದು ನಿಲ್ಲೋಕೆ ಹೋಗಿ ಮತ್ತೆ ಕೂತ್ಲು. ಉಸಿರು ಮೇಲೆ ಮೇಲೆ. ಕಾಲು ಊದಿದೆ. ಸಿಸ್ಟರ್ ಕಣ್ಣಿನ ರೆಪ್ಪೆ ಇಳಿಸಿ ನೋಡಿದ್ರು, ಒಳಗೆ ಕಾಗದದ ಹಾಗೆ ಬಿಳಿ. ಬೆರಳು ಚುಚ್ಚಿದ್ರು. ನೀರುನೀರು ರಕ್ತ. 4.6.

ನಂಬರ್ ಬಂತು.

"ಮಗು ಮೂರು ದಿನದಿಂದ ಸರಿಯಾಗಿ ಹೊರಳಾಡ್ತಿಲ್ಲ" ಅಂದ್ಲು. ಅವಳ ತಾಯಿ ಅಡುಗೆಮನೆ ಬಾಗಿಲಲ್ಲಿ, "ಏಮಯಿಂದಿ ತಲ್ಲೀ, ಏಮಯಿಂದಿ" — ಏನಾಯ್ತಮ್ಮ, ಏನಾಯ್ತು — ಅಂತಿದ್ರು. ಹಬ್ಬದ ಬಳೆ ಎರಡೂ ಕೈ ತುಂಬ ಹಾಕ್ಕೊಂಡಿದ್ಲು ಲೋಹಿತಾ. ಹಸಿರು.

ಐ.ಡಿ.ಹಳ್ಳಿ ಮೇಲೆ ಬರ್ತಿದೀವಿ, ತುಮಕೂರಿಗೆ. ಅವಳ ತಲೆ ಇಂದ್ರಮ್ಮನ ತೊಡೆ ಮೇಲೆ. ಗುಂಡಿ ಬಂದಾಗೆಲ್ಲ ಬಳೆ ಸದ್ದಾಗುತ್ತೆ. ಸದ್ದಾಗದಿದ್ರೆ ತಿರುಗಿ ನೋಡ್ತೀನಿ.

ಸೆಪ್ಟೆಂಬರ್ 17. ಮಂಗಳವಾರ

ನಾಲ್ಕು ಬಾಟಲ್ ರಕ್ತ. ಲೋಹಿತಾ ಉಳಿದ್ಲು.

ಮಗು ಉಳೀಲಿಲ್ಲ. ಹೆಣ್ಣು. ಭಾನುವಾರ ಬೆಳಿಗ್ಗೆ ಹುಟ್ಟಿ ಒಂದು ಗಂಟೆ ಇತ್ತಂತೆ.

ಡಾಕ್ಟರು ಸಿಸ್ಟರ್‌ಗೆ ಅಂದ್ರಂತೆ, "ಒಂದು ವಾರ ಮುಂಚೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು." ಮಾಡಬಹುದಿತ್ತು ಅಂದಿದಾರೆ, ಉಳೀತಿತ್ತು ಅಂದಿಲ್ಲ. ಬೆಳಿಗ್ಗೆಯಿಂದ ಆ ಎರಡು ಮಾತನ್ನ ತಕ್ಕಡೀಲಿ ಇಟ್ಟು ತೂಗ್ತಾ ಇದೀನಿ. ಒಂದು ವಾರ ಮುಂಚೆ ಅಂದ್ರೆ ಏಳನೇ ತಾರೀಕು. ಎರಡನೇ ತಾರೀಕಿಗೇ ಬರೆದಿದ್ರು.

ಅಮ್ಮಂಗೆ ಹೇಳಿದೆ. ಪೂರ್ತಿ. ಕಂಪ್ಯೂಟರ್ ಮಾತು ಅವಳಿಗೆ ಅರ್ಥ ಆಗಲ್ಲ ಅನ್ಕೊಂಡಿದ್ದೆ. ಬೆಳ್ಳುಳ್ಳಿ ಸುಲಿಯೋದು ನಿಲ್ಲಿಸಿ ಕೇಳಿದ್ಲು. ದೊಡ್ಡೇರಿ ಅಂಗನವಾಡೀಲಿ ಇಪ್ಪತ್ತು ವರ್ಷ ಮಕ್ಕಳಿಗೆ ಅನ್ನ ಬಡಿಸಿದವಳು ನಮ್ಮಮ್ಮ, ಮಂಜಮ್ಮ.

"ಯಾರೋ ನಿನ್ ಬಾಗ್ಲು ತಟ್ಟವ್ರೆ, ನಿಂಗ್ ಕೇಳಿಸಿಲ್ಲ. ಅಷ್ಟೇ ತಾನೆ?"

ಅಷ್ಟೇ ಅಂದೆ.

"ಕೇಳಿಸ್ಲಿಲ್ಲ ಅಂತ ಹೇಳಿದ್ಯಾ ಅವ್ರಿಗೆ?"

ಎದ್ದು ಹೋಗಿ ಮುಖ ತೊಳ್ಕೊಂಡು ಬಂದೆ.

ಸೆಪ್ಟೆಂಬರ್ 20. ಶುಕ್ರವಾರ. ಮಧ್ಯಾಹ್ನ 1

ಬಸವೇಶ್ ಸರ್ ಒಳಗೆ ಕರೆದು ಬಾಗಿಲು ಹಾಕ್ಕೊಂಡ್ರು. ಅವರ ಮುಖಾನೂ ಬಿಳುಚಿದೆ. ಮನುಷ್ಯ ಕೆಟ್ಟೋರಲ್ಲ. ಭಯಸ್ಥ, ನನ್ನ ಹಂಗೇ.

"ನೋಡಮ್ಮ, ನಮ್ಮ ಫಾರಂನಲ್ಲಿ ಏನಿದೆ? ಎಚ್‌ಬಿ ಸಂಖ್ಯೆ ಬರೆಯಿರಿ ಅಂತ. ಅವರು ಬರೆದಿದ್ದು ಪದ. ತಪ್ಪು ಯಾರದು? ಇಪ್ಪತ್ನಾಲ್ಕಕ್ಕೆ ಅವರೆಲ್ಲ ಬರ್ತಾರೆ. ಪ್ರೋಗ್ರಾಮೇ ಸರಿ ಇಲ್ಲ ಅಂತ ಗೊತ್ತಾದ್ರೆ ಟ್ರಸ್ಟ್ ಬಾಗಿಲು ಮುಚ್ಚುತ್ತೆ. ಆಮೇಲೆ ಜೀಪೂ ಇರಲ್ಲ, ಸಿಸ್ಟರೂ ಇರಲ್ಲ, ನೀನೂ ಇರಲ್ಲ. ಯೋಚನೆ ಮಾಡು."

ಯೋಚನೆ ಮಾಡಿದೆ. ಜೀಪ್ ಇಲ್ಲದಿದ್ರೆ ಇನ್ನೆಷ್ಟು ಲೋಹಿತಾ. ಆ ಮಾತು ಸುಳ್ಳಲ್ಲ, ಅದಕ್ಕೇ ಅಷ್ಟು ಗಟ್ಟಿಯಾಗಿ ಹಿಡ್ಕೊಂತು. ಇಂದ್ರಮ್ಮಂಗೆ ಒಂದು ನೋಟಿಸ್ ಟೈಪ್ ಮಾಡು ಅಂದ್ರು. ಕೂತು ಟೈಪ್ ಮಾಡಿದೆ.

"ಎಚ್‌ಬಿ ಕಾಲಂನಲ್ಲಿ ಸಂಖ್ಯೆಯ ಬದಲು ಅಸಂಬದ್ಧ ಪದವನ್ನು ನಮೂದಿಸಿದ ಕಾರಣ ಸಕಾಲದಲ್ಲಿ ಚಿಕಿತ್ಸೆ ದೊರಕದೆ…"

ಅಸಂಬದ್ಧ. ಆ ಪದ ಅವರು ಹೇಳಿದ್ದಲ್ಲ. ವಾಕ್ಯ ಚೆನ್ನಾಗಿ ಬರ್ಲಿ ಅಂತ ನಾನೇ ಹಾಕಿದ್ದು.

ಪ್ರಿಂಟ್ ತೆಗೆದುಕೊಟ್ಟೆ. ಊಟ ಬಿಚ್ಚಲಿಲ್ಲ.

ಸೆಪ್ಟೆಂಬರ್ 22. ಭಾನುವಾರ. ಸಂಜೆ 4

ಸಿಸ್ಟರ್ ಫೋನ್ ಮಾಡಿದ್ರು. ಇಂದ್ರಮ್ಮಂಗೆ ನೋಟಿಸ್ ವಾಟ್ಸಾಪಲ್ಲೇ ಹೋಗಿದೆ. ಎರಡು ಸಲ ಓದಿದ್ರಂತೆ.

ಊರಲ್ಲಿ ಅವರಿಗೆ ಯಾರೂ ಬಾಗಿಲು ತೆಗೀತಿಲ್ಲ. ಲೋಹಿತಾನ ಅತ್ತೆ ಚಾವಡಿ ಮುಂದೆ ಎಲ್ಲಾರಿಗೂ ಕೇಳೋ ಹಂಗೆ ಅಂದ್ಲಂತೆ — "ಹಬ್ಬಕ್ಕೆ ಕಳಿಸ್ಲಾ ಬ್ಯಾಡ್ವಾ ಅಂತ ನಿನ್ನೇ ಕೇಳಿದ್ನಲ್ಲೇ. ಕಳಿಸು, ಜೀಪ್ ಬರುತ್ತೆ, ಅಲ್ಲಿಗೇ ಬರುತ್ತೆ ಅಂದ್ಯಲ್ಲೇ." ಹೌದು, ಹಂಗೇ ಹೇಳಿದ್ರಂತೆ ಇಂದ್ರಮ್ಮ. ಧೈರ್ಯ ಹೇಳಿದ್ರು. ನನ್ನ ನಂಬ್ಕೊಂಡು.

ಹದಿನೈದು ವರ್ಷ ಆ ಊರಿನ ಹೆರಿಗೆಗಳಿಗೆ ಓಡಾಡಿದ ಹೆಂಗಸು. ಈಗ ಒಬ್ಬ ಬಸುರಿ ಇವರಿಂದ ಮಾತ್ರೆ ಇಸ್ಕೊಳ್ಳೋಲ್ಲ ಅಂದ್ಲಂತೆ. ಕೆಲಸ ಬಿಡ್ತೀನಿ ಅಂತಿದಾರೆ. ಮಂಗಳವಾರ ಮೀಟಿಂಗಿಗೆ ಬಂದು, ಎಲ್ಲಾರ ಮುಂದೆ ತಪ್ಪಾಯ್ತು ಅಂತ ಹೇಳಿ ರಾಜೀನಾಮೆ ಕಾಗದ ಕೊಟ್ಟು ಹೋಗ್ತೀನಿ ಅಂದಿದಾರೆ.

ನನಗೆ ಅವಮಾನದ ಭಯ, ಕೆಲಸದ ಭಯ, ಬಸವೇಶ್ ಸರ್ ಭಯ, ಟ್ರಸ್ಟ್ ಮುಚ್ಚೋ ಭಯ. ಆ ಅತ್ತೆ ಮಧುಗಿರಿ ಬಸ್ ಸ್ಟ್ಯಾಂಡಲ್ಲಿ ಎದುರು ಸಿಕ್ಕಿ ಮುಖ ಪರಚಿದ್ರೆ ಅಂತಾನೂ ಭಯ. ಇಂದ್ರಮ್ಮಂಗೂ ಭಯ ಇತ್ತು ತಾನೆ, ಆ ಹುಡುಗಿ ಮುಖ ನೋಡಿದ ದಿನ. ಅವರು ಬರೆದ್ರು.

ಸೆಪ್ಟೆಂಬರ್ 23. ಸೋಮವಾರ. ಬೆಳಿಗ್ಗೆ 9

ಬೆಳಿಗ್ಗೆ ಆರಕ್ಕೆ ಪ್ರೋಗ್ರಾಮ್ ಏಳೋ ಮುಂಚೆ ನಾನು ಏಳ್ತಿದೀನಿ, ಹತ್ತು ದಿನದಿಂದ. ಎಲ್ಲಾ ಸಾಲು ಕಣ್ಣಿಂದ ಓದ್ತೀನಿ, ಬೆರಳಿಟ್ಟು, ಒಂದನೇ ಕ್ಲಾಸ್ ಮಕ್ಕಳ ಹಂಗೆ. ಇವತ್ತು ನೂರಾ ಮೂವತ್ತೆರಡು.

ನೋಡಿ ಅಂತ ಒಂದೂ ಇಲ್ಲ.

ನಿನ್ನೆ ಒಂದಿತ್ತು, ಮೊನ್ನೆ ಎರಡು. ಇವತ್ತು ಪಾವಗಡದವರು, ಸಿರಾದವರು, ಪಟಾಲಮ್ಮ ಕೂಡ, ಎಲ್ಲಾರೂ ನಂಬರ್ ಹಾಕಿದಾರೆ. ನೋಟಿಸ್ ಗ್ರೂಪಲ್ಲಿ ಸುತ್ತಾಡಿದೆ. 9.5. 9.5. 10. 9.5. ಒಬ್ಬರೇ ಹನ್ನೊಂದು ಜನಕ್ಕೆ 9.5 ಹಾಕಿದಾರೆ. ಸ್ಟ್ರಿಪ್ ಎಲ್ಲಿಂದ ಬಂತು? ಹೋದ ವಾರ ಮುಗಿದಿತ್ತಲ್ಲ?

ಹೆದರ್ಕೊಂಡು ಸುಳ್ಳು ನಂಬರ್ ಹಾಕ್ತಿದಾರೆ.

ಈ ಹನ್ನೊಂದರಲ್ಲಿ ಲೋಹಿತಾ ಯಾರು? ಇನ್ನು ಯಾವ ಪ್ರೋಗ್ರಾಮೂ ಹೇಳಲ್ಲ. ಹಳೇ ಪಿಎಚ್‌ಪಿ ಏಳೂ ಹೇಳಲ್ಲ, ಹೊಸಾ ಎಂಟೂ ಹೇಳಲ್ಲ. ನಾನು ಬೆರಳಿಟ್ಟು ಓದಿದ್ರೂ ಗೊತ್ತಾಗಲ್ಲ.

ಭಯ. ಹದಿಮೂರನೇ ತಾರೀಕಿಗಿಂತ ಜಾಸ್ತಿ.

ಸೆಪ್ಟೆಂಬರ್ 24. ಮಂಗಳವಾರ. 11.05. ಮೀಟಿಂಗ್ ಹಾಲ್

ಕೊನೇ ಸಾಲಲ್ಲಿ ಕೂತಿದೀನಿ, ಲ್ಯಾಪ್‌ಟಾಪ್ ಹತ್ರ. ಸ್ಲೈಡ್ ನಾನೇ ಬದಲಾಯಿಸ್ಬೇಕು. ಬಾಣದ ಸ್ಲೈಡ್ ಆರನೇದು. ಬೆಳಿಗ್ಗೆ ಅಳಿಸಿದೆ. ಅಲ್ಲಿ ಈಗ ಲೋಹಿತಾನ ಮೂರು ಸಾಲು ಇದೆ, ತಾರೀಕು ಸಮೇತ, ಹೆಸರು ಮಾತ್ರ ಮುಚ್ಚಿದೀನಿ. ಬಸವೇಶ್ ಸರ್‌ಗೆ ಗೊತ್ತಿಲ್ಲ. ಈಗ ನಾಲ್ಕನೇದು ನಡೀತಿದೆ.

ಹೊರಡುವಾಗ ಅಮ್ಮ ಏನೂ ಕೇಳ್ಲಿಲ್ಲ. "ಗಟ್ಯಾಗಿ ಮಾತಾಡು, ಹಿಂದೆ ಕುಂತೋರಿಗೂ ಕೇಳ್ಬೇಕು" ಅಂದ್ಲು, ಅಷ್ಟೇ.

ಇನ್ನೂರು ಅಕ್ಕಂದಿರು, ಎಲ್ಲಾ ಗುಲಾಬಿ ಸೀರೆ. ಇಂದ್ರಮ್ಮ ಮುಂದಿನ ಸಾಲಿನ ತುದೀಲಿ. ಆಚೀಚೆ ಎರಡು ಕುರ್ಚಿ ಖಾಲಿ. ಕೈಲಿ ಮಡಚಿದ ಕಾಗದ. ಬರುವಾಗ ನನ್ನ ನೋಡಿ ನಿಂತ್ರು. ಬೈತಾರೆ ಅನ್ಕೊಂಡೆ. ಚೀಲದಿಂದ ಕಡಲೆಕಾಯಿ ತೆಗೆದು ನನ್ನ ಕೈಗೆ ತುಂಬಿದ್ರು.

"ಅವತ್ತು ನೀನೇ ಬಂದ್ಯಲ್ಲ ತಾಯಿ, ಅದಕ್ಕೆ. ಹುಡುಗಿ ಆದ್ರೂ ಉಳ್ಕೊಂಡ್ಲು. ನಾನೇ ಪಾಪಿ, ಇನ್ನೊಂದು ಸಲ ಬರೀಬೇಕಿತ್ತು. ಫೋನ್ ಮಾಡ್ಬೇಕಿತ್ತು."

ಕಡಲೆಕಾಯಿ ಇಲ್ಲೇ ಟೇಬಲ್ ಮೇಲಿದೆ.

ಐದನೇ ಸ್ಲೈಡ್. ಬಸವೇಶ್ ಸರ್ ಮೈಕಲ್ಲಿ, ಮುಂದಿನದು ನಮ್ಮ ಹೆಮ್ಮೆಯ ವಿಷಯ ಅಂತಿದಾರೆ. ಇಂದ್ರಮ್ಮ ಕಾಗದ ಬಿಚ್ತಿದಾರೆ, ಅದು ಮುಗಿದ ತಕ್ಷಣ ಏಳಬೇಕು ಅಂತ. ಅವರು ಏಳೋ ಮುಂಚೆ ನಾನು ಏಳ್ಬೇಕು. ಮೊದಲ ಮಾತು ಇಲ್ಲಿ ಬರ್ಕೋತೀನಿ, ಎದ್ದಾಗ ಬಾಯಿ ಕಟ್ಟಿದ್ರೂ ಓದಬಹುದು —

ಇಂದ್ರಮ್ಮಕ್ಕ, ಕಾಗದ ಕೊಡಬೇಡಿ. ನೀವು ಮೂರು ಸಲ ಬರೆದ್ರಿ. ನಾನು